ಹಡಗು ಹಿಡಿದವರು ಉಣ್ಣುವುದಿಲ್ಲ

ಯಂತ್ರ ಸದ್ದು ಮಾಡುತ್ತಿರಲಿಲ್ಲ. ಗಜಾನನ ತಾಂಡೇಲನಿಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಹಡಗಿನ ಎಂಜಿನ್ನು ಗುಡುಗಿದರೆ ಅದರ ಮನಸ್ಸಾದರೂ ತಿಳಿಯುತ್ತದೆ. ಇದು ತಲೆಯ ಮೇಲೆ ಬಿಳಿಯ ಬೋಗುಣಿಯಂತೆ ಕವಿದುಕೊಂಡು, ಮೂಕವಾಗಿ, ಅವನೊಳಗೆ ಕೆಲಸ ಮಾಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಅಂಥದೇ ಬೋಗುಣಿ ಹೊತ್ತು ಕ್ಯಾಪ್ಟನ್ ಇರಾವತಿ ಶಾನಭಾಗ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಉದ್ದನೆಯ ಜಡೆ ಕುರ್ಚಿಯ ಹಿಂದೆ ಇಳಿಬಿದ್ದಿತ್ತು. ಅವಳೊಳಗಿನದು ಇವನೊಳಗೆ ಬರುತ್ತಿತ್ತು. ಇವನಿಗೆ ಅದು ಬೇಕಿರಲಿಲ್ಲ. ಬೇಡವೆನ್ನಲು ಬಾಯಲ್ಲಿ ಮಾತಿರಲಿಲ್ಲ.

ಇಬ್ಬರೂ ಕೊಳಮುಡಿ ಬಂದರಿನ ಪೈಲಟ್‌ಗಳು. ಸರಕು ಹಡಗುಗಳಲ್ಲಿ ಸಿಬ್ಬಂದಿಯೇ ಇಲ್ಲದ ಕಾಲ ಅದು. ಸಮುದ್ರವನ್ನೆಲ್ಲ ತಾವೇ ದಾಟಿ ಬರುವ ಆ ಹಡಗುಗಳು ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮಾತ್ರ ಮನುಷ್ಯನಿಗಾಗಿ ಕಾಯುತ್ತಿದ್ದವು. ಅಲ್ಲಿಂದ ಹಡಗು ಕಟ್ಟುವ ಧಕ್ಕೆಯವರೆಗಿನ ಇಕ್ಕಟ್ಟಾದ ಒಳದಾರಿಯಲ್ಲಿ ಇಬ್ಬರು ಪೈಲಟ್‌ಗಳು ಏರಿ ನಡೆಸಬೇಕೆಂಬುದು ಕಾನೂನು. ಮುಂಗಾರಿನ ಆರಂಭದ ಒಂದು ಮಧ್ಯಾಹ್ನ ಇವರಿಬ್ಬರು ಏರಿದ್ದ ಹಡಗು ಹೊಳೆಯ ತಿರುವಿನಲ್ಲಿ ಸುಕ್ರು ಅಂಬಿಗನ ದೋಣಿಯನ್ನು ಮೆಟ್ಟಿ, ಬಂಡೆಗೆ ಬಡಿದು, ಹೊತ್ತಿಕೊಂಡಿತು. ಸುಕ್ರು ಸತ್ತ. ಹಡಗಿನ ಧ್ವನಿಮುದ್ರಕ ಬೆಂಕಿಯಲ್ಲಿ ಕರಗಿತು. ತಲೆಗೆ ಪೆಟ್ಟು ಬಿದ್ದ ತಾಂಡೇಲ ಬದುಕಿದನಾದರೂ ಮಾತು ಹೋಯಿತು. ಕಲಿತ ವಿದ್ಯೆಯೂ ಹೋಯಿತೆಂದು ಎಲ್ಲರೂ ತಿಳಿದರು. ಇರಾವತಿ ಆಸ್ಪತ್ರೆಗೆ ನೋಡಲು ಬಂದಾಗ ಅವನು ಸ್ಟೀಲಿನ ಲೋಟವನ್ನು ಅವಳ ಮುಖಕ್ಕೆ ಎಸೆದಿದ್ದ. ಅದು ರೋಗದ ಲಕ್ಷಣವೆಂದು ಡಾಕ್ಟರು ಬರೆದುಕೊಂಡರು.

ಈ ಯಂತ್ರ ಡಾ. ಮುರಿಗೆಪ್ಪ ಬಿರಾದಾರನ ಆವಿಷ್ಕಾರ. ಅದರ ಮೂಲ ಗಣಕದ ಪ್ರೋಗ್ರಾಮ್ ಬರೆಯುವವರ ಹಳೆಯ ಉಪಾಯ. ಒಂದನ್ನೊಂದು ಹೋಲುವ ಎರಡು ಮಾಹಿತಿಯ ಚೌಕಟ್ಟುಗಳಿದ್ದರೆ, ಒಂದೊಂದೇ ಸಾಲನ್ನು ಕೈಯಿಂದ ಬರೆಯುವ ಬೇಸರ ತಪ್ಪಿಸಲು, ಎರಡರಲ್ಲೂ ಇರುವ ಅಂಕಣಗಳನ್ನು ಒಂದೇ ಏಟಿಗೆ ಇದರಿಂದ ಅದಕ್ಕೆ ನಕಲಿಸುವುದು. ಬಿರಾದಾರ ಅದನ್ನು ಮಿದುಳಿಗೆ ತಂದಿದ್ದ. ಒಂದೇ ಗುರುವಿನ ಕೈಯಲ್ಲಿ ಒಂದೇ ಕಸುಬು ಕಲಿತವರ ಮಿದುಳುಗಳು ಬಹುಪಾಲು ಒಂದೇ ವಿನ್ಯಾಸದಲ್ಲಿ ಕಟ್ಟಿಕೊಂಡಿರುತ್ತವೆ ಎಂಬುದು ಅವನ ಸಿದ್ಧಾಂತ. ತಾಂಡೇಲನನ್ನು ಹೋಲುವ ಮಿದುಳು ಬಂದರಿನಲ್ಲಿ ಒಂದೇ ಇತ್ತು.

ಒಪ್ಪಿಗೆಯ ರುಜು ಹಾಕುವ ಮೊದಲು ತಾಂಡೇಲನ ಹೆಂಡತಿ ಶೇವಂತಿ ವಿವರ ಕೇಳಿದ್ದಳು.

“ನೋಡ್ರಿ ತಂಗಿ,” ಎಂದಿದ್ದ ಬಿರಾದಾರ, “ಒಬ್ಬನೇ ಬಡಗಿ ಮಾಡಿದ ಎರಡು ಕಪಾಟು ಅದಾವು ಅನ್ಕೋರಿ. ಖಾನೆ ಖಾನೆಗೂ ಹೆಸರು ಬರದಾನ. ಇದರಾಗ ಉಪ್ಪಿನ ಖಾನೆ ಐತಿ, ಅದರಾಗೂ ಐತಿ. ಎರಡರಾಗೂ ಇದ್ದದ್ದು ಈ ಕಪಾಟಿಂದ ಆ ಕಪಾಟಿಗೆ ಹೋಗ್ತದ. ಒಂದರಾಗ ಇದ್ದು ಇನ್ನೊಂದರಾಗ ಇಲ್ಲದ್ದನ್ನ ಯಂತ್ರ ಮುಟ್ಟಂಗಿಲ್ಲ.”

“ಆ ಖಾನೇಲಿ ಮೊದಲೇ ಎಂತಾದ್ರೂ ಇದ್ರೆ?”

ಬಿರಾದಾರ ನಕ್ಕಿದ್ದ. “ನಿಮ್ಮ ಯಜಮಾನ್ರದು ಖಾಲಿ ಐತಿ ತಂಗಿ. ಮಾತೇ ಆಡಂಗಿಲ್ಲಲ್ಲ.”

ಈಗ ಬೋಗುಣಿ ಮೇಲೆದ್ದಿತು. “ಅಳಿವಿಯಿಂದ ಧಕ್ಕೆತನಕಾ ದಾರಿ ಹೇಳ್ರಿ ನೋಡೂಣು,” ಎಂದ ಬಿರಾದಾರ.

ತಾಂಡೇಲ ಬಾಯಿ ತೆರೆದ. ತಿಂಗಳುಗಟ್ಟಲೆ ಬರದ ಮಾತು ಬಂತು. ಇಗರ್ಜಿಯ ಶಿಲುಬೆ, ದೀಪಸ್ತಂಭ, ಕರಿಬಂಡೆ, ಹೂಳಿನ ದಿಬ್ಬ, ಎಲ್ಲಿ ಎಷ್ಟು ತಿರುಗಬೇಕು, ಎಲ್ಲಿ ನೀರಿನ ಸೆಳೆತ, ಒಂದೂ ತಪ್ಪದೆ ಹೇಳಿದ. ಬಂದರಿನ ವ್ಯವಸ್ಥಾಪಕರು ಚಪ್ಪಾಳೆ ತಟ್ಟಿದರು. ಶೇವಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಕ್ಕದ ಕುರ್ಚಿಯಿಂದ ಇರಾವತಿ ಎದ್ದು ಬಂದು ಕೈ ಚಾಚಿದಳು.

ಆ ಕೈ ಮುರಿಯಬೇಕೆನಿಸಿತು ಅವನಿಗೆ. ದ್ವೇಷ ಅದು, ಹಳೆಯದು, ನಿಜವಾದದ್ದು. ಕಾರಣ ಹುಡುಕಿದ. ಸಿಗಲಿಲ್ಲ.

ಬದಲಿಗೆ ಆ ಮಧ್ಯಾಹ್ನ ನೆನಪಾಯಿತು. ಹಡಗಿನ ಮೂತಿಯಲ್ಲಿ ಪೈಲಟ್‌ಗಳಿಗೆಂದೇ ಕಟ್ಟಿದ ಗಾಜಿನ ಗೂಡು. ಅದರ ಹೊರಗಿನ ಕಟ್ಟೆಯ ಮೇಲೆ ತಾನು ನಿಂತಿದ್ದಾನೆ. ಹಡಗು ತನ್ನ ಹಿಡಿತದಲ್ಲಿದೆ, ತನ್ನ ಕೈಸನ್ನೆಗೆ ನಡೆಯುತ್ತದೆ. ಒಳಗಿನ ರಾಡಾರಿನಿಂದ ಇರಾವತಿ, “ತಾಳು ಗಜು, ತಿರುವಲ್ಲಿ ದೋಣಿ ಇದೆ,” ಎನ್ನುತ್ತಾಳೆ. “ಭರತದ ನೀರು ಇಳೀತದೆ, ಹೋಗ್ಲಿ,” ಎಂದು ತಾನು ಕೈ ಮುಂದೆ ಮಾಡುತ್ತಾನೆ. ಆಮೇಲೆ ಮರ ಮುರಿಯುವ ಸದ್ದು.

ಸುಕ್ರುವನ್ನು ಕೊಂದದ್ದು ತಾನು.

*

ಅಪಘಾತದ ವಿಚಾರಣೆಗೆ ವಾರವಿತ್ತು. ತಾಂಡೇಲ ಮನೆಯಿಂದ ಹೊರಬರಲಿಲ್ಲ. ಮೂರನೆಯ ದಿನ ಇರಾವತಿಯೇ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತಳು.

“ಎಂತಕ್ಕೆ ಬಂದೆ?”

“ನೀ ತಪ್ಪಿಸ್ಕೊಳ್ಳೂಕೆ ನೋಡ್ತೀಯಾ ಅಂತ ನೋಡೂಕೆ. ನೆನಪಿದ್ದದ್ದನ್ನ ನೆನಪಿದ್ದ ಹಾಗೆ ಹೇಳು, ಸಾಕು. ಲೈಸೆನ್ಸ್ ಹೋಗ್ತದೆ. ಜೈಲೂ ಆಗ್ಬಹುದು. ಆದ್ರೆ ಮರ್ಯಾದೆ ಉಳೀತದೆ.”

“ನನ್ನ ಮರ್ಯಾದೆ ಬಗ್ಗೆ ನಿಂಗೆ ಬಹಳ ಕಾಳಜಿ.”

“ನನ್ನ ಅರ್ಧ ತಲೆ ನಿಂಗೆ ಕೊಟ್ಟಿದ್ದೇನೆ ಗಜು. ಅದರಲ್ಲಿ ಸ್ವಲ್ಪ ಮರ್ಯಾದೆನೂ ಬಂದಿರ್ಬೇಕು. ಹುಡುಕು.” ಅವಳು ಜಡೆಯನ್ನು ಹಿಂದಕ್ಕೆಸೆದು ಹೊರಟುಹೋದಳು.

ಮಾತು ಕೇಳಿಸಿಕೊಂಡ ಶೇವಂತಿ ಒಳಗೆ ಪಾತ್ರೆಗಳನ್ನು ಬೇಕೆಂದೇ ಬಡಿದಳು. ಕೋಪ ಬಂದರೆ ಅವಳು ಅಡುಗೆಗೆ ನಿಲ್ಲುತ್ತಾಳೆ. ಒಣ ಸಿಗಡಿಯನ್ನು ಹುರಿದು, ತೆಂಗಿನಕಾಯಿ, ಮೆಣಸು, ಹುಳಿಗೆ ಮುರುಗಲ ಸಿಪ್ಪೆ ಹಾಕಿ ಅರೆಯತೊಡಗಿದಳು. ಆ ವಾಸನೆ ಜಗಲಿಗೆ ಬಂತು.

ತಾಂಡೇಲ ಎದ್ದು ನಿಂತ.

ಆ ವಾಸನೆ ಆ ಮಧ್ಯಾಹ್ನದಲ್ಲೂ ಇತ್ತು. ಹೊರಗಿನ ಕಟ್ಟೆ, ಮುಖಕ್ಕೆ ಬಡಿಯುವ ಪಡುವಣ ಗಾಳಿ, “ತಾಳು ಗಜು” ಎಂಬ ಕೂಗು, ಎಲ್ಲವೂ ಇತ್ತು. ಅದರ ನಟ್ಟನಡುವೆ, ಗಾಳಿಯೇ ಆಡದ ಮುಚ್ಚಿದ ಕೋಣೆಯಲ್ಲಿ ಮಾತ್ರ ನಿಲ್ಲುವಷ್ಟು ಗಾಢವಾಗಿ, ಸಿಗಡಿ ಚಟ್ನಿಯ ವಾಸನೆ. ಒಬ್ಬರ ಮೈಗೆ ಹೊಲಿದ ಅಂಗಿಯಲ್ಲಿ ಇನ್ನೊಬ್ಬರ ಬೆವರಿನಂತೆ ಅದು ಉಳಿದುಕೊಂಡಿತ್ತು.

“ಶೇವಂತಿ, ಆ ದಿನ ಬುತ್ತಿಗೆ ಎಂತ ಹಾಕಿದ್ದೆ?”

“ಇದೇ. ಮತ್ತೆಂತ?” ಅವಳು ಒರಳಿನಿಂದ ತಲೆಯೆತ್ತಲಿಲ್ಲ. “ಡಬ್ಬಿ ಸುಟ್ಟು ಕರಿಯಾಗಿ ಬಂತು. ಮುಚ್ಚಳ ಬೇರೆ, ಡಬ್ಬಿ ಬೇರೆ. ಅದನ್ನ ನೋಡಿ ಅಂದೇ ಅತ್ತಿದ್ದೆ. ಉಣ್ಣೂಕಾದ್ರೂ ಆಗಿತ್ತೋ ಇಲ್ವೋ ಅಂತ.”

ಮುಚ್ಚಳ ತೆರೆದಿತ್ತು. ಕೊಳಮುಡಿಯಲ್ಲಿ ಬರೆಯದ ಕಟ್ಟಳೆಯೊಂದಿದೆ. ಗಾಜಿನ ಗೂಡಿನ ಹೊರಗೆ ನಿಂತವರ ಕೈಯಲ್ಲಿ ಹಡಗು. “ಹಡಗು ನಿನ್ನದು” ಎಂದು ಒಪ್ಪಿಸಿ ಒಳಗೆ ಬಂದವರು ಮಾತ್ರ ಬುತ್ತಿ ಬಿಚ್ಚಬಹುದು. ಹಡಗು ಹಿಡಿದವರು ಉಣ್ಣುವುದಿಲ್ಲ. ಹಸಿವಿನಿಂದ ಕಣ್ಣು ಕತ್ತಲಿಟ್ಟರೂ ಈ ಬಂದರಿನ ಪೈಲಟ್ ಅದನ್ನು ಮುರಿದದ್ದಿಲ್ಲ.

*

“ನಕಲು ಮಾಡೂದು ಎರಡು ರೀತಿ ಐತಿ,” ಎಂದ ಬಿರಾದಾರ. ಪ್ರಯೋಗಾಲಯದ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ, ಕೂಡ್ರಿ ಎನ್ನಲಿಲ್ಲ. “ಖಾಲಿ ಇದ್ದಲ್ಲಿ ಅಷ್ಟಽ ತುಂಬೂದು ಒಂದು. ಇದ್ದದ್ದರ ಮ್ಯಾಲ ಬರಿಯೂದು ಒಂದು.”

“ನಂಗೆ ಯಾವುದು ಮಾಡಿದ್ರಿ?”

“ಎರಡನೇದು. ಯಾವಾಗಲೂ ಎರಡನೇದಽ. ಖಾಲಿ ಐತೋ ಇಲ್ಲೋ ಒಂದೊಂದ ಖಾನಿ ಬಡಿದು ನೋಡಕೋತ ಕುಂತ್ರ ವರ್ಷ ಹಿಡೀತದ.”

“ನನ್ನ ತಲೆಯಲ್ಲಿ ಆ ದಿನ ಇತ್ತು ಡಾಕ್ಟ್ರೇ. ನಂದೇ ಇತ್ತು. ನೀವು ಅದರ ಮೇಲೆ ಅವಳದ್ದು ಬರ್ದ್ರಿ.”

“ನೀವು ಮಾತಾಡ್ತಿದ್ದಿಲ್ಲಲ್ರಿ.”

“ಮಾತಾಡದವನಿಗೆ ಗೊತ್ತೇ ಇರೂದಿಲ್ವಾ?”

ಬಿರಾದಾರನ ಮುಖ ಕೆಂಪಾಯಿತು. “ನೋಡ್ರಿ ತಾಂಡೇಲ, ನೂರಾರು ಮಂದಿಗೆ ಕೈಯಾಗ ಕಸುಬು ಕೊಟ್ಟೀನಿ. ಒಬ್ಬರೂ ಬಂದು ಹಿಂಗ ಕೇಳಿಲ್ಲ.”

“ಹೇಗೆ ಕೇಳ್ತಾರೆ? ಕೇಳೂಕೆ ಬೇಕಾದದ್ದನ್ನೇ ನೀವು ಅಳಿಸಿರ್ತೀರಿ.”

ಬಿರಾದಾರ ಬಾಗಿಲಿಗೆ ಕೈ ಹಾಕಿದ. ಮತ್ತೆ ತಾಂಡೇಲನೇ ಕೇಳಿದ: “ನೆನಪಿನಲ್ಲಿ ನಾನು ಹೊರಗೆ ನಿಂತದ್ದು ನನ್ನ ಕಣ್ಣಿನಿಂದಲೇ ಕಾಣ್ತದೆ. ಅವಳ ಕಣ್ಣಿನಿಂದ ಅಲ್ಲ. ಅದು ಹೇಗೆ?”

“ನೆನಪು ಅಂದ್ರ ಚಿತ್ರ ಅಲ್ರಿ. ಚಿತ್ರ ತಗಿಯಾಕ ಇಟ್ಟ ಟಿಪ್ಪಣಿ. ಯಾರು ಎಲ್ಲಿ ನಿಂತಿದ್ರು, ಏನಂದ್ರು, ಅಷ್ಟಽ. ನೆನಸಿಕೊಂಡಾಗೊಮ್ಮೆ ನಿಮ್ಮ ಮಿದುಳು ಹೊಸದಾಗಿ ಚಿತ್ರ ಬಿಡಿಸ್ತದ, ನಿಮ್ಮ ಕಣ್ಣಿನಿಂದ. ಆಕಿ ಟಿಪ್ಪಣಿಯೊಳಗ ‘ಗಜಾನನ ಹೊರಗ’ ಅಂತ ಇದ್ರ, ನಿಮಗ ‘ನಾನು ಹೊರಗ’ ಅಂತ ಕಾಣ್ತದ.”

“ಆ ಟಿಪ್ಪಣಿ ಸುಳ್ಳಾಗಿದ್ರೆ?”

“ಯಂತ್ರ ಇದ್ದದ್ದನ್ನ ಒಯ್ತದ. ಆದದ್ದನ್ನ ಅಲ್ಲ.” ಹೇಳಿದ ಮೇಲೆ ಅವನಿಗೇ ಆ ಮಾತು ಕೇಳಿಸಿದಂತಾಯಿತು, ದನಿ ತಗ್ಗಿತು. “ನಿಮ್ಮ ತಲಿಯೊಳಗ ಒಂದು ಇಡೀ ಸಾಲು ಖಾನಿ ಯಂತ್ರ ಮುಟ್ಟಿಲ್ಲ. ಆಕಿ ಕಡೆ ಆ ಸಾಲಽ ಇರ್ಲಿಲ್ಲ. ಯಾವುದು ಅಂತ ಹೇಳಂಗಿಲ್ಲ. ಅದು ಆಕಿ ಗುಟ್ಟು. ಇನ್ನ ನಡೀರಿ.”

ಹೇಳಬೇಕಾಗಿರಲಿಲ್ಲ. ಅದು ಮೂಗಿನ, ವಾಸನೆಯ ಸಾಲೆಂದು ತಾಂಡೇಲನಿಗೆ ಆಗಲೇ ಹೊಳೆದಿತ್ತು. ಮೆಟ್ಟಿಲಿಳಿಯುವಾಗ ಇನ್ನೂ ಒಂದು ಹೊಳೆಯಿತು. ಆ ಕಾರಣವಿಲ್ಲದ ದ್ವೇಷ ಹೇಗೆ ಉಳಿಯಿತೆಂಬುದು. ಎಲ್ಲರ ಮನಸ್ಸಿನಲ್ಲೂ ಶತ್ರುಗಳಿಗೊಂದು ಖಾನೆ ಇರುತ್ತದೆ. ಇರಾವತಿಯ ಆ ಖಾನೆಯಲ್ಲಿ ಇರಾವತಿಯ ಹೆಸರೇ ಇರಲಿಲ್ಲ. ಹಾಗಾಗಿ ಅವಳ ಮೇಲಿನ ಅವನ ದ್ವೇಷವನ್ನು ಅಳಿಸಿ ಬರೆಯಲು ಯಂತ್ರಕ್ಕೆ ಏನೂ ಸಿಕ್ಕಿರಲಿಲ್ಲ.

*

ವಿಚಾರಣೆ ನಡೆದದ್ದು ಬಂದರಿನ ತರಬೇತಿ ಶಾಲೆಯಲ್ಲಿ, ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತ ಕೋಣೆಯಲ್ಲೇ. ಗೋಡೆಯ ಮೇಲೆ ಅಳಿವೆಯ ಹಳೆಯ ನಕ್ಷೆ ಹಾಗೆಯೇ ಇತ್ತು. ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು, ತೆಳ್ಳಗಿನ ತುಟಿಯವರು. ತಾಂಡೇಲ ನೆನಪಿನಲ್ಲಿದ್ದದ್ದನ್ನು ಇದ್ದ ಹಾಗೆಯೇ ಬರೆದುಕೊಟ್ಟಿದ್ದ. ಅವರು ಎರಡೂ ಲಿಖಿತ ಹೇಳಿಕೆಗಳನ್ನು ಓದಿ ಕನ್ನಡಕ ತೆಗೆದರು.

“ಇಬ್ಬರ ಹೇಳಿಕೆಯೂ ಒಂದೇ. ಒಂದು ಪದ ಆಚೀಚೆಯಿಲ್ಲ. ಇಷ್ಟು ಸ್ಪಷ್ಟವಾದ ಸಾಕ್ಷ್ಯ ನಾನು ಕಂಡದ್ದು ಅಪರೂಪ.”

“ಅದೇ ಅದರ ದೋಷ ಸ್ವಾಮಿ,” ಎಂದ ತಾಂಡೇಲ. “ಅಪ್ಪಣೆಯಾದ್ರೆ ಕ್ಯಾಪ್ಟನ್‌ರಿಗೆ ಒಂದು ಪ್ರಶ್ನೆ.”

ಅಧಿಕಾರಿ ತಲೆಯಾಡಿಸಿದರು.

“ಇರಾವತಿ, ಆ ಹೊತ್ತಿಗೆ ಗಾಳಿಯಲ್ಲಿ ಎಂತ ವಾಸನೆ ಇತ್ತು?”

 “ಈ ಬಂದರಲ್ಲಿ ಎಂತ ವಾಸನೆ ಇರ್ತದೆ? ಮೀನುಹಿಟ್ಟಿನ ಕಾರ್ಖಾನೆದು. ದಿನಾ ಇರೂದೇ.”

ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗಿದರು: “ಬಂದಿ ಟೈಮಲ್ಲಿ ಮೀನೆಲ್ಲಿಂದ ಬಂತು ಮಾರಾಯ್ರೆ?”

ನಗೆ ಹಬ್ಬಿತು. ಮುಂಗಾರಿನಲ್ಲಿ ಬಲೆ ಬೀಸುವಂತಿಲ್ಲ. ಕಾರ್ಖಾನೆಗೆ ಬೀಗ ಬಿದ್ದಿರುತ್ತದೆ. ಕರಾವಳಿಯ ಮಗುವಿಗೂ ಗೊತ್ತಿರುವ ಸಂಗತಿ. ಇರಾವತಿಯ ಕೈ ಜಡೆಯ ತುದಿಯನ್ನು ಬಿಗಿಯಾಗಿ ಹಿಡಿದಿತ್ತು. ಚಿಕ್ಕಂದಿನಲ್ಲಿ, ಊರೂರೇ ಬಾಗಿಲು ಮುಚ್ಚಿದ ಆ ದೊಡ್ಡ ಸಾಂಕ್ರಾಮಿಕದಲ್ಲಿ, ವಾಸನೆ ಹಿಡಿಯುವ ಶಕ್ತಿ ಕಳೆದುಕೊಂಡವಳು ಅವಳು. ಅನಿಲ ಸೋರಿದರೆ ತಿಳಿಯಬೇಕಾದ ಕೆಲಸದಲ್ಲಿ ಅದನ್ನು ಮುಚ್ಚಿಟ್ಟು ಇಷ್ಟು ವರ್ಷ ದಾಟಿಸಿದ್ದಳು.

ತಾಂಡೇಲ ಬುತ್ತಿಯ ವಿಷಯ ಹೇಳಿದ. ಬಂದರಿನ ಕಟ್ಟಳೆ ಹೇಳಿದ. ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟ. “ಸಮುದ್ರದಲ್ಲಿ ನಾವೆಲ್ಲಿದ್ದೇವೆ ಅಂತ ತಿಳಿಯೂಕೆ ಎರಡು ಗುರುತು ಬೇಕು ಸ್ವಾಮಿ. ಶಿಲುಬೆಯಿಂದ ಒಂದು ಗೆರೆ, ದೀಪಸ್ತಂಭದಿಂದ ಒಂದು ಗೆರೆ. ಅವೆರಡು ಕೂಡಿದಲ್ಲಿ ನಾವು. ಒಂದೇ ಗುರುತನ್ನ ಎರಡು ಸಲ ನೋಡಿದ್ರೆ ಎರಡು ಗೆರೆ ಆಗೂದಿಲ್ಲ. ಇಲ್ಲಿ ನಿಮ್ಮ ಹತ್ರ ಇರೂದು ಒಂದೇ ಗೆರೆ.”

ಅಧಿಕಾರಿ ಎರಡು ಹೇಳಿಕೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. “ಒಪ್ಪಿದೆ. ನಿಮ್ಮ ಹೇಳಿಕೆಯನ್ನು ಕೈಬಿಡುತ್ತೇನೆ.”

“ಅಂದ್ರೆ?”

“ಉಳಿಯುವುದು ಕ್ಯಾಪ್ಟನ್ ಶಾನಭಾಗರದು. ಅವರಿಗೆ ವಾಸನೆ ಬಾರದಿರಬಹುದು. ಕಣ್ಣು ಕಿವಿ ಇವೆ. ನಿಮ್ಮದು ನಕಲು, ಅವರದು ಮೂಲ. ಬುತ್ತಿಯ ಕಟ್ಟಳೆಯನ್ನು ನೀವು ಅಂದು ಮುರಿಯಲಿಲ್ಲವೆಂದು ಹೇಳುವವರು ಯಾರು? ಸೋಮವಾರದೊಳಗೆ ಇನ್ನೊಂದು ಸಾಕ್ಷ್ಯವಿದ್ದರೆ ತನ್ನಿ.”

ಹೊರಗಿನ ಪಡಸಾಲೆಯಲ್ಲಿ ಇರಾವತಿ ಅವನನ್ನು ಅಡ್ಡಗಟ್ಟಿದಳು. “ನಾ ಸುಳ್ಳು ಹೇಳ್ಲಿಲ್ಲ. ನಂಗೆ ನೆನಪಿರೂದು ಹಾಗೇ.” ಆ ಕಣ್ಣುಗಳಲ್ಲಿ ಮೊದಲ ಸಲ ಹೆದರಿಕೆ ಕಂಡಿತು.

“ಬಂದರಿನವರ ಎದುರು, ವಕೀಲರ ಎದುರು, ಕನ್ನಡಿ ಎದುರು ಹೇಳಿ ಹೇಳಿ ಹಾಗಾಗಿದೆ. ನಿನ್ನ ಯಂತ್ರಕ್ಕೆ ಬಿರಾದಾರನೂ ಬೇಕಾಗ್ಲಿಲ್ಲ.”

ಹೆದರಿಕೆ ಅಲ್ಲೇ ಗಟ್ಟಿಯಾಗಿ ವಿಷವಾಯಿತು. “ಎಂತ ಬೇಕಾದ್ರೂ ಹೇಳ್ಕೋ. ಹೊಸ ಬ್ಯಾಚಿನ ಪೈಲಟ್‌ರೆಲ್ಲ ಮುಂದಿನ ತಿಂಗಳು ನನ್ನ ಪಕ್ಕದ ಕುರ್ಚಿಯಲ್ಲೇ ಕೂರೂದು. ಬಂದರಿನವರು ತೀರ್ಮಾನ ಮಾಡಾಯ್ತು. ಆಮೇಲೆ ಕೊಳಮುಡಿಯಲ್ಲಿ ಯಾರನ್ನ ಕೇಳಿದ್ರೂ, ಸುಕ್ರುವನ್ನ ಕೊಂದದ್ದು ಗಜು ತಾಂಡೇಲ ಅಂತಾರೆ. ಕಣ್ಣಾರೆ ಕಂಡವರ ಹಾಗೆ.”

*

ಇನ್ನೊಂದು ಗೆರೆ ಎಲ್ಲಿಂದ? ಮನೆಗೆ ಹೋಗದೆ ತಾಂಡೇಲ ಹೊಳೆಯ ದಂಡೆ ಹಿಡಿದು ನಡೆದ. ಹಡಗಿನ ಮೇಲೆ ಇದ್ದವರು ಇಬ್ಬರೇ. ದೋಣಿಯಲ್ಲಿದ್ದವನು ಸತ್ತಿದ್ದ. ತಿರುವಿಗೆ ಬಂದಾಗ ಎದುರು ದಡದ ಕಡವು ಕಾಣಿಸಿತು. ದೋಣಿಗೆ ಕಾಯುವವರು ನಿಲ್ಲುವ ಕಲ್ಲುಕಟ್ಟೆ, ಅದರ ಹಿಂದೆ ಸುಕ್ರುವಿನ ಗುಡಿಸಲು. ಹಡಗು ಆ ಕಟ್ಟೆಯನ್ನು ಉಜ್ಜಿಕೊಂಡಂತೆ ಹಾಯುವ ಜಾಗ ಅದು.

ಸುತ್ತುಬಳಸಿ ಸೇತುವೆ ದಾಟಿ ಹೋದಾಗ ಬಿಸಿಲು ಓರೆಯಾಗಿತ್ತು. ಸುಕ್ರುವಿನ ಹೆಂಡತಿ ಬೊಮ್ಮಿ ಕಟ್ಟೆಯ ಮೇಲೆ ಕೂತು ಹೊಳೆಯ ಚಿಪ್ಪುಮೀನು ಒಡೆಯುತ್ತಿದ್ದಳು. ಅವನ ಗುರುತು ಹತ್ತಿದೊಡನೆ ಕತ್ತಿ ನಿಂತಿತು. ಕೂರು ಎನ್ನಲಿಲ್ಲ. ನೀರು ಕೊಡಲಿಲ್ಲ.

“ನನ್ನ ಮನೆ ಬಾಗಿಲಿಗೆ ನಿಂದೆಂತ ಕೆಲಸ?”

“ಆ ದಿನ ನೀ ಇಲ್ಲೇ ಇದ್ಯಾ?”

“ಇಲ್ದೆ? ನನ್ನ ಕರ್ಕಂಡು ಹೋಗೂಕೇ ಅಲ್ವಾ ಅವ ಬರ್ತಾ ಇದ್ದದ್ದು.”

“ಯಾರೂ ಬಂದು ಕೇಳ್ಲಿಲ್ವಾ?”

“ನಾನೇ ಬಂದರಿಗೆ ಹೋಗಿದ್ದೆ. ಇಬ್ಬರು ಪೈಲಟ್‌ರು ನೋಡಿದ್ದಾರೆ, ನೀ ಎಂತ ಹೇಳೂಕೆ ಬಂದೆ, ಸುಮ್ನೆ ಮನೆಗೆ ಹೋಗು ಅಂದ್ರು. ಬಂದೆ.” ಅವಳು ಒಂದು ಚಿಪ್ಪನ್ನು ಒಡೆದು ಬುಟ್ಟಿಗೆಸೆದಳು. “ಈಗ ನೀ ಹೇಳು. ಅಲ್ಲಿ ಎಂತ ಆಯ್ತು? ನೀ ಹೇಳು, ಆಮೇಲೆ ನಾ ಹೇಳ್ತೆ.”

ಹೇಳಿಬಿಡಬಹುದಿತ್ತು. ನಾನು ಒಳಗಿದ್ದೆ, ಹೊರಗೆ ನಿಂತದ್ದು ಅವಳು ಎಂದು ಒಂದು ಮಾತು. ನೆರೆಯವರ ಬಾಯಿಂದ ದಿನಕ್ಕೊಂದು ಕತೆ ಕೇಳಿ ದಣಿದ ಹೆಂಗಸು. ಕಿವಿಯಲ್ಲಿ ಹಾಕಿದ್ದು ನಾಳೆ ಅವಳ ಕಣ್ಣಿಗೆ ಇಳಿಯುತ್ತಿತ್ತು. ತಾಂಡೇಲನಿಗೆ ಆ ಬಿಳಿಯ ಬೋಗುಣಿ ನೆನಪಾಯಿತು.

“ಇಲ್ಲ,” ಎಂದ. “ನಾ ಮೊದಲು ಹೇಳಿದ್ರೆ ನಂದು ನಿನ್ನೊಳಗೆ ಸೇರ್ತದೆ. ನೀ ಕಂಡದ್ದನ್ನ ನೀನೇ ಹೇಳು. ನಂಗೆ ಬೇಕಾದ ಹಾಗೆ ಇಲ್ದಿದ್ರೂ ಹೇಳು.”

ಬೊಮ್ಮಿ ಅವನನ್ನು ದಿಟ್ಟಿಸಿದಳು. ಹೊಳೆಯ ಮೇಲೆ ಸರಕಿಳಿಸಿದ ಹಡಗೊಂದು ಅಳಿವೆಯತ್ತ ಹೋಗುತ್ತಿತ್ತು. ಅದು ದಾಟುವವರೆಗೆ ಅವಳು ಅದನ್ನೇ ನೋಡಿದಳು.

“ಗಾಜಿನ ಹೊರಗೆ ನಿಂತವಳ ಜಡೆ ಗಾಳಿಗೆ ಹಾರ್ತಿತ್ತು. ಕೈ ಹೀಗೆ ಮುಂದೆ ಮಾಡಿ, ಹೋಗ್ಲಿ ಹೋಗ್ಲಿ ಅಂತಿದ್ಳು.”

ಎರಡು ಗೆರೆ ಕೂಡಿದ್ದವು. ತಾಂಡೇಲ ಕಟ್ಟೆಯ ಮೇಲೆ ಕೈಯೂರಿದ.

“ಇನ್ನೂ ಮುಗೀಲಿಲ್ಲ,” ಎಂದಳು ಬೊಮ್ಮಿ. “ನಿನ್ನನ್ನೂ ಕಂಡೆ. ಗಾಜಿನ ಒಳಗೆ, ಆ ಹಸಿರು ಬೆಳಕಿನ ಪೆಟ್ಟಿಗೆ ಎದುರು. ತಲೆ ಬಗ್ಗಿಸ್ಕಂಡು ಉಣ್ತಾ ಇದ್ದೆ. ನನ್ನ ಗಂಡ ಕೂಗ್ತಾ ಇದ್ದ. ನಾನೂ ಕೂಗ್ದೆ. ನೀ ಒಂದ್ಸಲ ತಲೆ ಎತ್ತಿದ್ರೆ ಕಾಣ್ತಿತ್ತು. ಎತ್ಲಿಲ್ಲ.”

ಕತ್ತಿ ಮತ್ತೆ ಚಿಪ್ಪಿನ ಮೇಲೆ ಬಿತ್ತು.

“ಜಡೇದು ಹೇಳೂಕೆ ಬರ್ತೆ ಸೋಮವಾರ. ಇದನ್ನೂ ಹೇಳ್ತೆ. ಕರ್ಕಂಡು ಹೋಗ್ತ್ಯಾ?”

ತಾಂಡೇಲ ತನ್ನೊಳಗೆ ಹುಡುಕಿದ. “ತಾಳು ಗಜು” ಎಂಬ ಕೂಗು ಈಗಲೂ ಸ್ಪಷ್ಟವಾಗಿತ್ತು, ಯಾರೂ ಎಂದೂ ಕೂಗದ ಕೂಗು. ಗಾಜಿನ ಹಿಂದೆ ಬಗ್ಗಿದ ತನ್ನ ತಲೆ ಮಾತ್ರ ಅಲ್ಲಿ ಎಲ್ಲೂ ಇರಲಿಲ್ಲ. ಅದಿದ್ದದ್ದು ಎದುರು ದಡದಲ್ಲಿ, ಅವನಿಗೆ ನೀರನ್ನೂ ಕೊಡದ ಒಬ್ಬಳ ಬಳಿ.

“ಕರ್ಕಂಡು ಹೋಗ್ತೆ,” ಎಂದ. “ಹೀಗೇ ಹೇಳ್ಬೇಕು. ಒಂದು ಮಾತೂ ಬಿಡದೆ.”